ಯಾವುದು ಮೊದಲೋ ಅದು

ಕಾರು ಕೊಂಡವರನ್ನು ನಮ್ಮ ಜನ ಮೊದಲು ಕೇಳುವುದು "ಎಷ್ಟು ಕೊಡುತ್ತೆ?" ಎಂದು. ಬಣ್ಣ, ಬ್ರೇಕು, ಏರ್‌ಬ್ಯಾಗು ಎಲ್ಲ ಆಮೇಲಿನ ಮಾತು. ಟರ್ಬೊ ಪೆಟ್ರೋಲ್ ಕಾರು ಕೊಂಡವರಿಗೆ ಮಾತ್ರ ಈ ಪ್ರಶ್ನೆಯಿಂದ ಬೇಗ ಬಿಡುಗಡೆ. ಉತ್ತರ ಕೇಳಿದವರ ಮುಖದಲ್ಲಿ ಕನಿಕರ ಮೂಡಿ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಆದರೆ ಅದರ ಬದಲಿಗೆ ಇನ್ನೊಂದು ಪ್ರಶ್ನೆ ಗಂಟುಬೀಳುತ್ತದೆ: "ಆಯಿಲ್ ಎಷ್ಟಕ್ಕೆ ಚೇಂಜ್ ಮಾಡಿಸ್ತೀರಿ?" ಇದನ್ನು ಯಾರೂ ತಿಳಿದುಕೊಳ್ಳಲೆಂದು ಕೇಳುವುದಿಲ್ಲ. ನೀವು ಏನೇ ಹೇಳಿ, "ಅಯ್ಯೋ, ಅಷ್ಟೊಂದಾ?" ಅಥವಾ "ಅಯ್ಯೋ, ಅಷ್ಟೇನಾ?" ಇವೆರಡರಲ್ಲಿ ಒಂದು ಅವರ ನಾಲಿಗೆ ತುದಿಯಲ್ಲಿ ಸಿದ್ಧವಾಗಿ ಕೂತಿರುತ್ತದೆ.

ನಮ್ಮದು ಒಂದು ಲೀಟರಿನ, ಮೂರು ಸಿಲಿಂಡರಿನ ಪುಟ್ಟ ಕಾರು. ಅದರ ಜೊತೆ ಬಂದ ಪುಸ್ತಕ ಹೇಳುವುದು "10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಎಂದು. ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿ ಹೇಳುವುದು 5,000. ಸಕಲೇಶಪುರದ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ಮಾವನವರು 3,000ಕ್ಕಿಂತ ಒಂದು ಕಿಲೋಮೀಟರ್ ಹೆಚ್ಚಿಗೆ ಒಪ್ಪುವವರಲ್ಲ. ಜರ್ಮನಿಯಲ್ಲಿ ಕೆಲಸಕ್ಕಿರುವ ಷಡ್ಡಕನ ಮಗನೋ, ವಿಡಿಯೋ ಕಾಲಿನಲ್ಲಿ ನಕ್ಕು, "ಅಂಕಲ್, ಇಲ್ಲಿ ಲಾಂಗ್‌ಲೈಫ್ ಆಯಿಲ್ ಹಾಕಿಸಿದ್ರೆ 30,000 ಅಥವಾ ಎರಡು ವರ್ಷ" ಎನ್ನುತ್ತಾನೆ. ಒಂದೇ ಪದಾರ್ಥಕ್ಕೆ ಮೂರು ಸಾವಿರದಿಂದ ಮೂವತ್ತು ಸಾವಿರದವರೆಗೆ ಆಯುಷ್ಯ. ಜಾತಕ ಬರೆಯುವವರೂ ಇಷ್ಟು ಅಂತರ ಇಟ್ಟುಕೊಳ್ಳುವುದಿಲ್ಲ.

ಟರ್ಬೊ ಒಳಗೆ ಏನು ನಡೆಯುತ್ತದೆಂದು ಒಂದು ಸಲ ತಿಳಿದುಕೊಂಡರೆ ಆಯಿಲ್ ಮೇಲೆ ಮರುಕ ಹುಟ್ಟುತ್ತದೆ. 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದವನು ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಸ್ ಎಂಜಿನಿಯರ್. ಎಂಜಿನ್ ಉಗುಳಿದ ಬಿಸಿ ಹೊಗೆ ಸುಮ್ಮನೆ ಸೈಲೆನ್ಸರಿನಿಂದ ಆಚೆ ಹೋಗುವುದನ್ನು ಅವನಿಂದ ನೋಡಲಾಗಲಿಲ್ಲ. ಹೊರಟುನಿಂತ ನೆಂಟನನ್ನು ಬಾಗಿಲಲ್ಲಿ ತಡೆದು, "ಹೇಗೂ ಆ ಕಡೆ ಹೋಗ್ತೀಯಲ್ಲ, ಈ ರಾಗಿ ಬೀಸಿಸ್ಕೊಟ್ಟು ಹೋಗು" ಎನ್ನುವ ನಮ್ಮ ಅಜ್ಜಿಯಂಥ ಮನುಷ್ಯ ಅವನು. ಹೋಗುವ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿಯಬಹುದು. ಒಂದು ಲೀಟರಿನ ಎಂಜಿನ್ ಒಂದೂವರೆ ಲೀಟರಿನದರ ಹಾಗೆ ಜಂಬ ಕೊಚ್ಚಿಕೊಳ್ಳಬಹುದು.

ಜಂಬದ ಬೆಲೆ ಕಟ್ಟುವುದು ನಡುವಿನ ದಂಡ. ಎಂಜಿನ್ ಪ್ರಾಣ ಹೋಗುವ ಹಾಗೆ ಕೂಗಿದರೂ ನಿಮಿಷಕ್ಕೆ ಆರು ಸಾವಿರ ಸುತ್ತು. ಪೆನ್ಸಿಲ್ ದಪ್ಪದ ಈ ದಂಡ ಸುಮಾರು ಎರಡು ಲಕ್ಷ ಸುತ್ತು ತಿರುಗುತ್ತದೆ. ಒಂದು ತುದಿಗೆ 900 ಡಿಗ್ರಿ ದಾಟಬಲ್ಲ ಹೊಗೆ ಬಡಿಯುತ್ತಿರುತ್ತದೆ, ಇನ್ನೊಂದು ತುದಿಯಲ್ಲಿ ರಸ್ತೆಯ ಗಾಳಿ. ಇಷ್ಟೆಲ್ಲ ಆಗುವಾಗ ದಂಡ ಕಬ್ಬಿಣಕ್ಕೆ ತಾಗದಂತೆ ತೇಲಿಸಿ ಇಟ್ಟಿರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ. ತೇಲಿಸಿದರಷ್ಟೇ ಸಾಲದು, ಅಲ್ಲಿಯ ಬಿಸಿಯನ್ನೂ ಹೊತ್ತುಕೊಂಡು ಕೆಳಗಿನ ಚೇಂಬರಿಗೆ ಇಳಿಯಬೇಕು. ಇಳಿದು ಉಸಿರಾಡುವಷ್ಟರಲ್ಲಿ ಪಂಪು ಮತ್ತೆ ಮೇಲಕ್ಕೆ ಕಳಿಸುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಆಯಿಲ್ಲಿಗೆ ಈ ಹೆಚ್ಚಿನ ಚಾಕರಿ ಇಲ್ಲ.

ಧರ್ಮಸ್ಥಳದಿಂದ ಚಾರ್ಮಾಡಿ ಘಾಟಿ ಹತ್ತಿ ಬರುವವರು ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸುವುದು ವಾಡಿಕೆ. ಘಾಟಿಯುದ್ದಕ್ಕೂ ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡನೇ ಗೇರು ಎಂದು ದುಡಿದ ಟರ್ಬೊ ಆಗ ಕೆಂಡದಂತೆ ಕಾದಿರುತ್ತದೆ. ದೋಸೆಯ ವಾಸನೆ ಮೂಗಿಗೆ ಬಡಿದ ಕೂಡಲೇ ಎಂಜಿನ್ ಆಫ್ ಮಾಡಿದರೆ ಪಂಪು ನಿಲ್ಲುತ್ತದೆ, ಟರ್ಬೊದಲ್ಲಿದ್ದ ಆಯಿಲ್ ಇದ್ದಲ್ಲೇ ನಿಂತು, ಸೀದು, ಇದ್ದಿಲಾಗಿ ಕಚ್ಚಿಕೊಳ್ಳುತ್ತದೆ. ಈಗಿನ ಟರ್ಬೊಗಳಿಗೆ ನೀರಿನ ತಂಪೂ ಇರುವುದರಿಂದ ಹಳೆಯ ಕಾಲದಷ್ಟು ಭಯವಿಲ್ಲ. ಆದರೂ ಹತ್ತಿ ಬಂದ ಮೇಲೆ ಒಂದು ನಿಮಿಷ ಸುಮ್ಮನೆ ಓಡಲು ಬಿಡಿ ಎಂದು ತಿಳಿದವರು ಹೇಳುತ್ತಾರೆ. ಲಾರಿ, ಬಸ್ಸು ಡ್ರೈವರುಗಳು ಇದನ್ನು ಯಾರೂ ಹೇಳಿಕೊಡದೆ ಮಾಡುತ್ತಾರೆ. ನಾನೂ ಮಾಡುತ್ತೇನೆ. ಹಾಗಾಗಿ ಕೊಟ್ಟಿಗೆಹಾರದಲ್ಲಿ ನನ್ನ ಪಾಲಿಗೆ ಯಾವಾಗಲೂ ಎರಡನೇ ಪಂಕ್ತಿ. ಮನೆಮಂದಿಯೆಲ್ಲ ಇಳಿದು ಓಡಿ, ಮೊದಲ ತಟ್ಟೆ ಮುಗಿಸಿ, ಕಿಟಕಿಯಿಂದ ಕೈಬೀಸುತ್ತಿರುವಾಗ ಸ್ಟೀರಿಂಗ್ ಹಿಡಿದು ಕೂತು ಸೆಕೆಂಡು ಎಣಿಸುವ ಗಂಡಸೊಬ್ಬ ನಿಮಗೆ ಅಲ್ಲಿ ಕಂಡರೆ ಅವನನ್ನು ಕುಟುಂಬ ಬಿಟ್ಟುಹೋಗಿದೆ ಎಂದುಕೊಳ್ಳಬೇಡಿ. ಅವನು ಟರ್ಬೊ ಕಾರಿನವನು.

ಮತ್ತೆ ಅಂಕಿಗಳ ಜಗಳಕ್ಕೆ ಬರೋಣ. ಯಾರು ಯಾವ ಅಂಕಿ ಹೇಳುತ್ತಾರೆ ಎನ್ನುವುದಕ್ಕಿಂತ ಯಾಕೆ ಹೇಳುತ್ತಾರೆ ಎಂದು ನೋಡುವುದು ಹೆಚ್ಚು ಮಜವಾಗಿದೆ. ಕಂಪನಿಯವರಿಗೆ ಕಾರು ಸಾಕುವ ಖರ್ಚು ಕಡಿಮೆ ಎಂದು ತೋರಿಸುವ ಆಸೆ. ಸರ್ವಿಸ್ ದೂರವಾದಷ್ಟೂ ಕಾರು ಅಗ್ಗ ಕಾಣುತ್ತದೆ. ಅಮೆರಿಕದಲ್ಲಿ ಇದರ ಉಲ್ಟಾ ನಡೆದಿತ್ತು. ಹಳೆಯ ಕಾಲದ ಎಂಜಿನ್ನು, ಹಳೆಯ ಕಾಲದ ಆಯಿಲ್ಲುಗಳಿಗೆ ಹುಟ್ಟಿದ 3,000 ಮೈಲಿಯ ಲೆಕ್ಕವನ್ನು ಆಯಿಲ್ ಬದಲಿಸುವ ಅಂಗಡಿಗಳು ಎಷ್ಟು ಭಕ್ತಿಯಿಂದ ಕಾಪಾಡಿಕೊಂಡು ಬಂದವೆಂದರೆ, ಕೊನೆಗೆ ಕ್ಯಾಲಿಫೋರ್ನಿಯಾ ಸರ್ಕಾರವೇ ಮುಂದೆ ಬಂದು, ನಿಮ್ಮ ಕಾರಿನ ಪುಸ್ತಕ ತೆಗೆದು ನೋಡಿ ಸ್ವಾಮಿ, ಅಷ್ಟು ಬೇಗ ಬೇಕಿಲ್ಲ ಎಂದು ಪ್ರಚಾರ ಮಾಡಬೇಕಾಯಿತು.

ನಮ್ಮ ಮೇಸ್ತ್ರಿಯ 5,000ದ ಮೂಲ ಹುಡುಕಲು ಅಷ್ಟು ದೂರ ಹೋಗಬೇಕಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಒಂದು ನೀಲಿ ಡ್ರಮ್ಮಿದೆ. ಇಳಿಸಿದ ಹಳೆ ಆಯಿಲ್ಲೆಲ್ಲ ಅದಕ್ಕೆ. ಅದು ತುಂಬಿದ ದಿನ ಒಯ್ಯುವವರು ಬಂದು ಲೀಟರ್ ಲೆಕ್ಕದಲ್ಲಿ ದುಡ್ಡು ಎಣಿಸುತ್ತಾರೆ. ಡ್ರಮ್ಮು ಮುಕ್ಕಾಲು ಆದಾಗ ಮೇಸ್ತ್ರಿಗೆ ಗಿರಾಕಿಗಳ ಎಂಜಿನ್ ಆರೋಗ್ಯದ ಬಗ್ಗೆ ಕಳಕಳಿ ಉಕ್ಕುವುದನ್ನು ನಾನು ಗಮನಿಸಿದ್ದೇನೆ. "ಸಾರ್, ನಿಮ್ ಗಾಡಿ ಸೌಂಡು ಯಾಕೋ ಒಂದ್ ಥರಾ ಇದೆ. ಗೇಜ್ ಎಳೀಲಾ?" ಎಂದು ಬೀದಿಯಲ್ಲೇ ಕೈ ಅಡ್ಡ ಹಾಕುತ್ತಾರೆ. ಗೇಜು ಎಳೆದು, ಎರಡು ಬೆರಳ ನಡುವೆ ಆಯಿಲ್ ಉಜ್ಜಿ, ಮೂಸಿ, "ಕಪ್ಪಾಗೋಗಿದೆ, ದಮ್ಮಿಲ್ಲ" ಎಂದು ತೀರ್ಪು. ಕಪ್ಪಾಗುವುದು ದೋಷವಲ್ಲ. ಎಂಜಿನ್ನಿನ ಮಸಿಯನ್ನು ತಳಕ್ಕೆ ಕೂರಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುವ ಡಿಟರ್ಜೆಂಟು ಒಳ್ಳೆಯ ಆಯಿಲ್ಲಿನಲ್ಲಿ ಇರುತ್ತದೆ. ಕಪ್ಪಾಯಿತೆಂದರೆ ಅದು ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ಡೀಸೆಲ್ ಕಾರುಗಳಲ್ಲಂತೂ ಹೊಸ ಆಯಿಲ್ ಕೆಲವೇ ದಿನಕ್ಕೆ ಕಾಡಿಗೆಯಾಗಿರುತ್ತದೆ. ಇದನ್ನು ಮೇಸ್ತ್ರಿಗೆ ಹೇಳಿದರೆ, "ನೀವು ಓದಿರೋರು ಸಾರ್" ಎಂದು ಬೆರಳನ್ನು ಬನಿಯನ್ನಿಗೆ ಒರೆಸಿಕೊಳ್ಳುತ್ತಾರೆ. ಅವರ ಬಾಯಲ್ಲಿ ಅದು ಹೊಗಳಿಕೆಯಲ್ಲ.

ಈ ಗೇಜು ಒಮ್ಮೊಮ್ಮೆ ಪವಾಡವನ್ನೂ ತೋರಿಸುತ್ತದೆ. ನಮ್ಮ ಪಕ್ಕದ ಮನೆಯ ಹಿರಿಯರು ಕಾರನ್ನು ದಿನವೂ ಎರಡು ಕಿಲೋಮೀಟರ್ ದೂರದ ದೇವಸ್ಥಾನಕ್ಕೆ ಮಾತ್ರ ಒಯ್ಯುತ್ತಾರೆ. "ನಮ್ಮ ಗಾಡಿ ಒಂದು ತೊಟ್ಟು ಆಯಿಲ್ ಕುಡಿಯಲ್ಲ ನೋಡಿ, ಹಾಕಿದ್ದಕ್ಕಿಂತ ಒಂದು ಗೆರೆ ಜಾಸ್ತೀನೇ ಇದೆ" ಎಂದು ಒಂದು ದಿನ ಗೇಜು ಹಿಡಿದು ತೋರಿಸಿದರು. ದೇವರ ಕೃಪೆಯಿಂದ ಚೇಂಬರು ಅಕ್ಷಯಪಾತ್ರೆಯಾಗಿದೆ ಎಂದು ಅವರ ನಂಬಿಕೆ. ವಿಷಯ ಏನೆಂದರೆ, ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನುಗಳು ತಣ್ಣಗಿರುವಾಗ, ಉರಿಯದೆ ಉಳಿದ ಪೆಟ್ರೋಲು ಪಿಸ್ಟನ್ ಪಕ್ಕದಿಂದ ಜಾರಿ ಆಯಿಲ್ಲಿಗೆ ಸೇರುತ್ತದೆ. ದೂರ ಓಡಿ ಆಯಿಲ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೋದೀತು. ದೇವಸ್ಥಾನ ಬಂದೇಬಿಡುತ್ತದಲ್ಲ! 2018ರಲ್ಲಿ ಉತ್ತರ ಚೀನಾದ ಚಳಿಯಲ್ಲಿ ಹೋಂಡಾದ 1.5 ಲೀಟರ್ ಟರ್ಬೊ ಕಾರುಗಳಲ್ಲಿ ಹೀಗೇ ಆಯಿಲ್ ಏರತೊಡಗಿ ದೊಡ್ಡ ಗಲಾಟೆಯೇ ಆಗಿತ್ತು. ಹಿರಿಯರ ಕಾರು ವರ್ಷಕ್ಕೆ ಎರಡು ಸಾವಿರ ಕಿಲೋಮೀಟರೂ ಓಡುವುದಿಲ್ಲ. 10,000 ಆಗಲಿ ಎಂದು ಕಾದರೆ ಆ ಆಯಿಲ್ ಐದು ವರ್ಷ ಆ ಚೇಂಬರಿನಲ್ಲೇ ಬಿದ್ದಿರಬೇಕು. ಪುಸ್ತಕದಲ್ಲಿ "ಅಥವಾ ಒಂದು ವರ್ಷ" ಎಂದು ಬರೆದಿರುವುದು ಇಂಥ ಭಕ್ತರಿಗಾಗಿಯೇ.

ಆ ಪುಸ್ತಕವನ್ನು ಪೂರ್ತಿ ಓದಿದ ಏಕೈಕ ವ್ಯಕ್ತಿ ನಮ್ಮ ಮನೆಯಲ್ಲಿ ನನ್ನ ಹೆಂಡತಿ. ಆಕೆ ಲೆಕ್ಕಪತ್ರ ವಿಭಾಗದವಳು; ಸಣ್ಣ ಅಕ್ಷರ ಕಂಡರೆ ಬಿಡುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿದ್ದಾಗ ಡ್ಯಾಶ್‌ಬೋರ್ಡಿನ ಖಾನೆಯಿಂದ ಅದನ್ನು ತೆಗೆದು ಗಟ್ಟಿಯಾಗಿ ಓದಿದಳು. ತೀವ್ರ ಪರಿಸ್ಥಿತಿಯಲ್ಲಿ ಓಡಿಸುವವರು ಆಯಿಲ್ಲನ್ನು ಇನ್ನೂ ಬೇಗ ಬದಲಿಸಬೇಕಂತೆ. ತೀವ್ರ ಪರಿಸ್ಥಿತಿ ಎಂದರೆ ಧೂಳು, ಹತ್ತಿರದ ಓಡಾಟ, ನಿಂತು ನಿಂತು ಸಾಗುವ ದಟ್ಟಣೆ, ಬಿಸಿಲಿನಲ್ಲಿ ಹೆಚ್ಚು ಹೊತ್ತು ಐಡ್ಲಿಂಗು.

"ರೀ, ಇದು ಬೆಂಗಳೂರಿನ ಮಂಗಳವಾರ ಅಲ್ವಾ?" ಎಂದಳು.

ನಿಜವೇ. ಕಂಪನಿಯ ಲೆಕ್ಕದ ಸಾಮಾನ್ಯ ಪರಿಸ್ಥಿತಿ ಕರ್ನಾಟಕದಲ್ಲಿ ಎಲ್ಲಾದರೂ ಇದ್ದರೆ ಅದು ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ, ಬೆಳಗಿನ ಜಾವ.

ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಆಕೆ ಫೋನಿನಲ್ಲಿ ಕ್ಯಾಲ್ಕುಲೇಟರ್ ತೆರೆದಿದ್ದಳು. 2022ರ ಟಾಮ್‌ಟಾಮ್ ಸಮೀಕ್ಷೆಯಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು 29 ನಿಮಿಷ ಬೇಕು ಎಂದಿತ್ತು. ಆ ವರ್ಷ ನಿಧಾನದಲ್ಲಿ ಲಂಡನ್ ಬಿಟ್ಟರೆ ನಾವೇ ಇದ್ದದ್ದು. ಆ ಲೆಕ್ಕದಲ್ಲಿ 10,000 ಕಿ.ಮೀ. ಎಂದರೆ ಎಂಜಿನ್ 480 ಗಂಟೆಗೂ ಹೆಚ್ಚು ಓಡಿರುತ್ತದೆ. ಅದೇ ಹೆದ್ದಾರಿಯಲ್ಲಿ ಗಂಟೆಗೆ 80ರಲ್ಲಿ ಹೋದರೆ 125 ಗಂಟೆ. ಚಕ್ರ ತಿರುಗಿದ್ದು ಅಷ್ಟೇ, ಎಂಜಿನ್ ಓಡಿದ್ದು ಸುಮಾರು ನಾಲ್ಕು ಪಟ್ಟು ಹೊತ್ತು. "ಕಿಲೋಮೀಟರ್ ಅಳೆಯೋದು ಟೈರಿಗೆ ಸರಿ. ಆಯಿಲ್ಲಿಗೂ ಟೈರಿಗೂ ಏನ್ರೀ ಸಂಬಂಧ?" ಎಂದಳು. ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ. ನಾನು ಉತ್ತರ ಕೊಡುವ ಕಷ್ಟದಿಂದ ಪಾರಾದೆ.

ಟ್ರ್ಯಾಕ್ಟರು, ಜೆಸಿಬಿ, ಜನರೇಟರು ಇಟ್ಟುಕೊಂಡವರಿಗೆ ಇದು ಹಳೆಯ ಸಂಗತಿ. ಅವುಗಳ ಮೀಟರು ಗಂಟೆ ಎಣಿಸುತ್ತದೆ. ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ 250 ಗಂಟೆಗೆ ಆಯಿಲ್ ಬದಲಿಸುತ್ತಾರೆ. ಆ ಲೆಕ್ಕವನ್ನೇ ನಮ್ಮ ಕಾರಿಗೆ ಹಾಕಿದಾಗ ಕ್ಯಾಲ್ಕುಲೇಟರು ತೋರಿಸಿದ್ದು ಐದು ಸಾವಿರದ ಚಿಲ್ಲರೆ ಕಿಲೋಮೀಟರ್. ನಿಂತಲ್ಲೇ ಗುರುಗುಡುವ ಗಂಟೆಯೂ ಹೊಲ ಉಳುವ ಗಂಟೆಯೂ ಒಂದೇ ಅಲ್ಲ ಎಂದು ನಾನು ವಾದಿಸಿದೆ, ಸ್ವಲ್ಪ ರಿಯಾಯಿತಿ ಕೇಳಿದೆ. ಕೊನೆಗೆ ಆರು ಸಾವಿರ ಅಥವಾ ಆರು ತಿಂಗಳು ಎಂದು ರಾಜಿಯಾಯಿತು. ಅಂದರೆ ತನ್ನ ಡ್ರಮ್ಮಿನ ಸಲುವಾಗಿ ಮೇಸ್ತ್ರಿ ಹೇಳುತ್ತಾ ಬಂದಿದ್ದ ಅಂಕಿ ಹೆಚ್ಚುಕಮ್ಮಿ ಸರಿಯೇ ಇತ್ತು. ಇದನ್ನು ಅವರಿಗೆ ತಿಳಿಸುವ ಉದ್ದೇಶ ನನಗಿಲ್ಲ. ಖರ್ಚಿನ ಮಾತಿಗೆ ಬಂದರೆ ಒಂದು ಸಲದ ಸಿಂಥೆಟಿಕ್ ಆಯಿಲ್ಲು, ಫಿಲ್ಟರು ಸೇರಿ ಮೂರು-ನಾಲ್ಕು ಸಾವಿರ ರೂಪಾಯಿ. ಟರ್ಬೊ ಕೈಕೊಟ್ಟರೆ ಬಿಲ್ಲಿನಲ್ಲಿ ಇನ್ನೊಂದು ಸೊನ್ನೆ ಸೇರುತ್ತದೆ. ಕಂಪನಿಯ ಸರ್ವಿಸನ್ನು ಹೇಳಿದ ಹೊತ್ತಿಗೆ ತಪ್ಪದೆ ಮಾಡಿಸಿ ಬಿಲ್ಲು ಇಟ್ಟುಕೊಳ್ಳುತ್ತೇವೆ, ವಾರಂಟಿ ದೇವರು ಮುನಿಯಬಾರದಲ್ಲ. ನಡುವೆ ಒಂದು ಸಲ ಮೇಸ್ತ್ರಿಯ ಪಾಲು.

ಆಯಿಲ್ಲನ್ನು ಮಾತ್ರ ನಾನೇ ಜೆ.ಸಿ. ರಸ್ತೆಯಿಂದ ತಂದುಕೊಡುತ್ತೇನೆ. ಡಬ್ಬದ ಮುಂದಿನ ಬೆಂಕಿಯ ಚಿತ್ರ, ರೇಸ್ ಕಾರು ನೋಡಿ ಕೊಳ್ಳುವವರೇ ಹೆಚ್ಚು. ನೋಡಬೇಕಾದದ್ದು ಬೆನ್ನಿನ ಮೇಲಿನ ಇರುವೆಯಂಥ ಅಕ್ಷರ: ಪುಸ್ತಕ ಹೇಳಿದ ಗ್ರೇಡು, ಮತ್ತು ಎಪಿಐ ಎಸ್‌ಪಿ ಎಂಬ ದರ್ಜೆ. ಪುಟ್ಟ ಟರ್ಬೊ ಎಂಜಿನ್ನುಗಳಿಗೆ ಒಂದು ವಿಚಿತ್ರ ಕಾಯಿಲೆಯಿದೆ. ಮೈಲೇಜ್ ಉಳಿಸಲೆಂದು ಫ್ಲೈಓವರನ್ನು ಐದನೇ ಗೇರಿನಲ್ಲೇ ಏರುತ್ತಾ ಆಕ್ಸಿಲರೇಟರ್ ತುಳಿದರೆ, ಕೆಲವೊಮ್ಮೆ ಪ್ಲಗ್ಗು ಕಿಡಿ ಕೊಡುವ ಮೊದಲೇ ಪೆಟ್ರೋಲು ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆ ಏಟು ಬೀಳುತ್ತದೆ. ಸಿಲಿಂಡರಿಗೆ ನುಸುಳಿದ ಆಯಿಲ್ ಹನಿಗಳೂ, ಅದರಲ್ಲಿರುವ ಕ್ಯಾಲ್ಸಿಯಂ ಕೂಡ ಇದರಲ್ಲಿ ಶಾಮೀಲು ಎಂದು ಗೊತ್ತಾಗಿ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಎಂಬ ಹೊಸ ದರ್ಜೆಗಳು ಬಂದವು. ಕನ್ನಡಕ ಏರಿಸಿ ಇದನ್ನು ಓದುತ್ತಾ ನಿಂತರೆ ಅಂಗಡಿಯ ಹುಡುಗ, "ಎಲ್ಲಾ ಒಂದೇ ಸಾರ್, ತಗೊಳ್ಳಿ" ಎನ್ನುತ್ತಾನೆ. ಡಬ್ಬ ಖಾಲಿಯಾದ ಮೇಲೆ ಸ್ಕ್ರೂಡ್ರೈವರಿನಿಂದ ಅದಕ್ಕೊಂದು ತೂತು ಹೊಡೆಸುವುದು ನನ್ನ ಹಟ. ಒಳ್ಳೆಯ ಡಬ್ಬಗಳಿಗೆ ಪುನರ್ಜನ್ಮ ಬಹಳ ಬೇಗ.

ಹೋದ ತಿಂಗಳು ಆಯಿಲ್ ಬದಲಿಸಿದ ಸಂಜೆ ಮಾವನವರ ಫೋನು ಬಂತು. ಸಂಗತಿ ತಿಳಿಸಿದೆ. ಮೂರು ಸಾವಿರದ ಶಾಸ್ತ್ರ ಮೀರಿದ್ದಕ್ಕೆ ಬೈಗುಳ ಕಾದಿದ್ದೆ. ಅವರು ಕೇಳಿದ್ದು ಬೇರೆಯೇ.

"ಹಳೇ ಆಯಿಲ್ ಏನ್ ಮಾಡಿದ್ರಿ ಅಳಿಯಂದ್ರೇ?"

"ಮೇಸ್ತ್ರಿ ಡ್ರಮ್ಮಿಗೆ ಸುರಿದ್ರು ಮಾವ."

ಆ ಕಡೆಯಿಂದ ದೊಡ್ಡ ನಿಟ್ಟುಸಿರು. "ಅಲ್ರೀ, ತೋಟದ ಬೇಲಿ ಗೂಟಕ್ಕೆಲ್ಲಾ ಗೆದ್ದಲು ಹತ್ತಿದೆ. ಬಳಿಯೋಕೆ ಆಯಿಲ್ ಇಲ್ಲದೆ ಕೂತಿದೀನಿ ನಾನಿಲ್ಲಿ!"

ಅದು ಮಣ್ಣಿಗೆ, ಬಾವಿಗೆ ಒಳ್ಳೆಯದಲ್ಲ ಎಂದು ಶುರುಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ, ಬಾಯಿಲೆಕ್ಕದಲ್ಲಿದ್ದರು. "ರಸ್ತೆ ಕಡೆ ಸಾಲಿಗೆ ನಿಮ್ ಕಾರಿಂದು ಒಂದ್ಸಲ ಇಳಿಸಿದ್ರೆ ಸಾಕು. ಕೆರೆ ಕಡೆ ಸಾಲಿಗೆ ಇನ್ನೊಂದು ಮೂರು ಸಾವಿರ ಓಡಿಸ್ಕೊಂಡು ಬಂದ್ಬಿಡಿ" ಎಂದು ಫೋನಿಟ್ಟರು.