ಗಾಳಣ್ಣನ ಏಕಾದಶಿ

ಮುಂಬಯಿ ಕಡೆಯ ಕನ್ನಡಿಗರಲ್ಲಿ ಒಂದು ಪಂಗಡವಿದೆ. ಅವರು ಠಾಣೆಯಲ್ಲಿರಬಹುದು, ಡೊಂಬಿವಲಿಯಲ್ಲಿರಬಹುದು, ವಾಶಿಯ ಹತ್ತನೇ ಮಹಡಿಯಲ್ಲಿರಬಹುದು. ಒಂದು ಕಾಲು ಮಾತ್ರ ಸದಾ ಊರ ಹೊಳೆಯಲ್ಲೇ. ನಾಲ್ಕು ಹನಿ ಮಳೆ ಬಿತ್ತೋ, ಗದ್ದೆಗೆ ಹತ್ತಿ ಬಂದ ಮೀನಿನ ಕತೆ. ಪಾರಿವಾಳ ಕಂಡಿತೋ, ಕ್ಯಾಟರ್‌ಬಿಲ್ಲಿನ ಕತೆ. ಪ್ಲಾಟ್‌ಫಾರ್ಮಿನಲ್ಲಿ ಇಲಿ ಓಡಿದರೂ ಸಾಕು, ಕಾಡುಹಂದಿಗೆ ಉರುಳು ಹಾಕಿದ ಕತೆ ಶುರುವಾಗುತ್ತದೆ. ಗಾಡಿ ಕುರ್ಲಾ ದಾಟಿದರೂ ಹಂದಿ ಉರುಳಿಗೆ ಬಿದ್ದಿರುವುದಿಲ್ಲ.

ಅಂಥವರೊಬ್ಬರು ಕಲ್ಯಾಣದಲ್ಲಿ ನಮ್ಮ ಎದುರು ಮನೆಯಲ್ಲಿದ್ದಾರೆ. ಹೆಸರು ಬೇಡ, ಬಿಲ್ಡಿಂಗಿನ ಕನ್ನಡಿಗರೆಲ್ಲ ಗಾಳಣ್ಣ ಎನ್ನುತ್ತೇವೆ. ಉಡುಪಿ ಪಕ್ಕದ ಕಲ್ಯಾಣಪುರದಲ್ಲಿ, ಸ್ವರ್ಣಾ ನದಿಯ ದಂಡೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಯಾವುದೋ ಆಫೀಸಿನಲ್ಲಿ ಟಪಾಲಿಗೆ ಸೀಲು ಒತ್ತುತ್ತಲೇ ರಿಟೈರಾದವರು. ಆ ಅಷ್ಟೂ ವರ್ಷಗಳ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆಡುವುದೆಲ್ಲ ಅದಕ್ಕೂ ಹಿಂದಿನದು.

ನಾನೋ ಧಾರವಾಡದವ. ನಮ್ಮ ಮನೆಯಲ್ಲಿ ಮೀನೆಂದರೆ ಪಂಚಾಂಗದ ಕೊನೆಯ ರಾಶಿ. ಕಾಣೆ, ಮುಗುಡು, ಮರುವಾಯಿ ಎಂದು ಅವರು ಕಣ್ಣರಳಿಸಿದರೆ ನನಗೆ ಯಾವುದಕ್ಕೆ ಮೀಸೆ, ಯಾವುದಕ್ಕೆ ಚಿಪ್ಪು ಎಂದೂ ತಿಳಿಯದು. ಬಹುಶಃ ಅದಕ್ಕೇ ನನ್ನನ್ನು ಆರಿಸಿಕೊಂಡರು. ಮೀನು ಬಲ್ಲವರು ನಡುವೆ ಪ್ರಶ್ನೆ ಕೇಳುತ್ತಾರೆ.

ಅವರ ಬೇಟೆಯ ಕತೆಗಳೆಲ್ಲ ನಡೆಯುವುದು 1971ರಲ್ಲಿ. ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಲ್ಲವೇ? ‘ಕಾಯ್ದೆಗಿಂತ ಮೊದಲಿನದು ಮಾರಾಯ್ರೆ, ಹೆದರಬೇಡಿ’ ಎಂದು ಪೀಠಿಕೆ ಹಾಕಿಯೇ ಹಂದಿಗೆ ಉರುಳು, ಹುಂಡುಕೋಳಿಗೆ ಬಲೆ ಎಲ್ಲ ಹೊರಬರುತ್ತವೆ. ಸೊಸೈಟಿಯ ಕಾಗದಪತ್ರ ತುಂಬುವವನು ನಾನೇ. ಅವರು ಹುಟ್ಟಿದ್ದು 1962. ಒಂಬತ್ತು ವರ್ಷದ ಹುಡುಗ ಒಂದೇ ವರ್ಷದಲ್ಲಿ ಅಷ್ಟೊಂದು ಪ್ರಾಣಿ ಹಿಡಿದಿದ್ದರೆ, ಆ ಕಾಯ್ದೆ ಯಾರ ದೆಸೆಯಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಕ್ಯಾಟರ್‌ಬಿಲ್ಲಿನ ಪ್ರಕರಣ ಚಿಕ್ಕದು. ಬಾಲ್ಕನಿಯ ಪಾರಿವಾಳ ಓಡಿಸಲು ಪೇರಲೆಯ ಕವೆಗೆ ಸೈಕಲ್ ಟ್ಯೂಬಿನ ರಬ್ಬರ್ ಕಟ್ಟಿ ಒಂದು ಕಲ್ಲು ಬಿಟ್ಟರು. ಸೆಕ್ರೆಟರಿಯ ಸ್ಕೂಟರಿಗೆ ಎಡಗಡೆಯ ಕನ್ನಡಿ ಇಲ್ಲವಾಯಿತು. ಸಂಜೆಯೊಳಗೆ ನೋಟಿಸ್ ಬೋರ್ಡಿನ ಮೇಲೆ ಮರಾಠಿಯಲ್ಲಿ ಫರ್ಮಾನು ಬಿತ್ತು: ಆವರಣದಲ್ಲಿ ಯಾರೂ ಬೇಚಕಿ ಬಳಸಕೂಡದು. ಪಾರಿವಾಳಗಳು ಆ ಬೋರ್ಡಿನ ಮೇಲೆಯೇ ಕೂರುತ್ತವೆ.

ಸಹಿಸಲಾಗದ್ದು ಎರೆಹುಳು. ಖಾಡಿಯ, ಅಂದರೆ ಅಳಿವೆಯ, ಮೀನಿನ ಗಾಳಕ್ಕೆ ಸಿಗಡಿಯೇ ಸರಿ ಎಂದು ಊರೆಲ್ಲ ಹೇಳಿದರೂ ಇವರಿಗೆ ಎರೆಹುಳುವೇ ಆಗಬೇಕು. ಮೂರು ಮಹಡಿಯಲ್ಲಿ ಒದ್ದೆ ಮಣ್ಣಿರುವುದು ನನ್ನ ಹೆಂಡತಿಯ ಕರಿಬೇವಿನ ಬುಡದಲ್ಲಿ ಮಾತ್ರ. ಶನಿವಾರ ರಾತ್ರಿ ಕಾರಿಡಾರಿನಲ್ಲಿ ಟಾರ್ಚು ಮಿಣುಕಿದರೆ ಚಮಚದ ಕೆಲಸ ನಡೆದಿದೆ ಎಂದೇ ಅರ್ಥ. ‘ನಿಮ್ಮ ದೋಸ್ತರಿಗೆ ಹೇಳ್ರಿ, ನನ್ನ ಕರಿಬೇವಿಗೆ ಕೈ ಹಚ್ಚಬ್ಯಾಡ್ರಿ ಅಂತ’ ಎಂದು ಇವಳು. ನಾನು ಹೇಳಿದೆ. ‘ಹುಳ ತೆಗೆದರೆ ಗಿಡಕ್ಕೇ ಒಳ್ಳೇದು’ ಎಂದರು. ಗಿಡ ಒಣಗಿತು. ಅದಕ್ಕೆ ಕಾರ್ಪೊರೇಷನ್ ನೀರಿನ ಕ್ಲೋರಿನ್ ಕಾರಣವಂತೆ.

ಒಮ್ಮೆ ನನ್ನ ಪಂಚಾಂಗ ಕೇಳಿ ಒಯ್ದರು. ವಯಸ್ಸಾಯಿತು, ಭಕ್ತಿ ಬಂತು ಎಂದುಕೊಂಡು ಸಂತೋಷಪಟ್ಟೆ. ‘ಏಕಾದಶಿ ಭಾನುವಾರವೇ ಬಂದಿದೆ’ ಎಂದು ಕುಣಿಯುತ್ತ ಬಂದರು. ಲೆಕ್ಕ ಹೀಗೆ: ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ತೆಗೆದರೆ ಮುಂಬಯಿ ಕಡಲಿನ ಭರತಿಯ ಹೊತ್ತು ಸಿಗುತ್ತದೆ, ಕೋಲಿ ಮೀನುಗಾರರ ಹಳೆಯ ಗಣಿತ. ಹನ್ನೊಂದರ ಮುಕ್ಕಾಲು ಎಂಟೂಕಾಲು. ನೀರು ಒಳಗೆ ಕಲ್ಯಾಣದವರೆಗೆ ಏರಲು ಇನ್ನೊಂದಿಷ್ಟು ಹೊತ್ತು. ಹುಣ್ಣಿಮೆ ಅಮಾವಾಸ್ಯೆಗೆ ನೀರಿಗೆ ಸೊಕ್ಕು, ಗಾಳ ನಿಲ್ಲುವುದಿಲ್ಲ. ಅಷ್ಟಮಿಯ ಆಚೀಚೆ ನೀರು ಸಾಧು. ನನ್ನ ಅಜ್ಜ ಉಪವಾಸಕ್ಕೆ ನೋಡುತ್ತಿದ್ದ ಪಂಚಾಂಗ ಹೀಗೆ ಮೀನಿನ ಟೈಂಟೇಬಲ್ ಆಯಿತು. ನಿರಾಹಾರನಾದ ನನ್ನನ್ನೂ ಎಳೆದುಕೊಂಡು ಹೋದರು.

ಹೋದದ್ದು ದುರ್ಗಾಡಿ ಕೋಟೆಯ ಕೆಳಗೆ, ಉಲ್ಹಾಸ ಖಾಡಿಯ ದಂಡೆಗೆ. 1657ರಲ್ಲಿ ಕಲ್ಯಾಣ ಗೆದ್ದ ಮೇಲೆ ಶಿವಾಜಿ ಮಹಾರಾಜರು ಹಡಗು ಕಟ್ಟಿಸಲು ಶುರು ಮಾಡಿದ್ದು ಇಲ್ಲೇ ಎನ್ನುತ್ತಾರೆ. ಗಾಳಣ್ಣನ ಸರಂಜಾಮೂ ನೌಕಾಪಡೆಗೆ ಕಡಿಮೆಯಿರಲಿಲ್ಲ. ಮಗ ದುಬೈಯಿಂದ ತಂದ ಮಡಚುವ ರಾಡು, ರೀಲು, ಅಂಚಿನ ಟೋಪಿ. ಗಾಳ ಎಸೆಯುವ ಮೊದಲು ಉಪನ್ಯಾಸ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬ ಸಾಹೇಬ ಗಾಳದ ಮೇಲೆಯೇ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಬರೆದು 1873ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ. ಇದು ನಿಜ, ಗಾಳಣ್ಣ ಹೇಳಿದ್ದರಲ್ಲಿ ವಿಚಾರಿಸಿದರೂ ನಿಜವಾಗಿಯೇ ಉಳಿದದ್ದು ಇದೊಂದೇ. ‘ಆ ಸಾಹೇಬನಿಗೆ ಕಲಿಸಿದ್ದು ಯಾರು ಅಂತ ಮಾಡಿದ್ದೀರಿ? ನಮ್ಮ ಅಜ್ಜನ ಅಜ್ಜ!’ ಎಂಬುದು ನಿಜವಾಗಿ ಉಳಿಯಲಿಲ್ಲ.

ಎಸೆದರು. ರೀಲು ಕಿರ್ರೆಂದಿತು. ರಾಡು ಬಾಗಿತು. ‘ಜಿತಾಡಾ! ಜಿತಾಡಾ!’ ಎಂದು ಮೀನಿನ ಹೆಸರು ಕೂಗಿ, ಟೋಪಿ ಬೀಳಿಸಿಕೊಂಡು, ನನ್ನ ಭುಜ ಹಿಡಿದು, ಹಿಂದೆ ನಡೆದು, ಮುಂದೆ ಓಡಿ, ಕೊನೆಗೆ ಎಳೆದು ಹಾಕಿದ್ದು ಯಾರೋ ವಿಸರ್ಜಿಸಿದ್ದ ನಿರ್ಮಾಲ್ಯದ ಚೀಲ. ಕೊಳೆತ ಚೆಂಡುಹೂವಿನ ನಡುವೆ ಇಡೀ ತೆಂಗಿನಕಾಯಿ. ‘ನಿಮಗೆ ಫಲಾಹಾರ’ ಎಂದರು, ಮುಖದಲ್ಲಿ ನಗುವಿಲ್ಲದೆ.

ಪಕ್ಕದಲ್ಲಿ ಆಗ್ರಿ ಸಮುದಾಯದ ಒಬ್ಬ ಮುದುಕ ಕೂತಿದ್ದ. ನೀರಿನ ಬಾಟಲಿಗೆ ಸುತ್ತಿದ ನೈಲಾನ್ ದಾರ, ಭಾರಕ್ಕೆ ತುಕ್ಕು ಹಿಡಿದ ನಟ್ಟು, ಕೊಕ್ಕೆಗೆ ಸಿಗಡಿ. ನೋಡುನೋಡುತ್ತ ಮೀಸೆಯ ಶಿಂಗಾಳಾ ಮೀನೊಂದನ್ನು ಎತ್ತಿದ. ದಡದ ಮೇಲೆ ಅದು ಎಗರಿತು. ಪಕ್ಕೆಯ ಮುಳ್ಳು ಚುಚ್ಚಿದರೆ ಕೈ ಬಾತುಕೊಂಡು ಉರಿಯುತ್ತದಂತೆ; ಮುದುಕ ಇಕ್ಕಳ ಹುಡುಕುತ್ತಿದ್ದ. ಗಾಳಣ್ಣ ಬಗ್ಗಿದರು. ಅಂಗೈಯನ್ನು ಬಾಲದ ಕಡೆ ಒಯ್ಯಲೇ ಇಲ್ಲ. ತಲೆಯ ಕಡೆಯಿಂದ ಸವರುತ್ತ ಬಂದು ಬೆನ್ನಿನ ಮುಳ್ಳನ್ನು ಒರಗಿಸಿ, ಹೆಬ್ಬೆರಳನ್ನು ಒಂದು ಪಕ್ಕೆಮುಳ್ಳಿನ ಹಿಂದೆ, ತೋರುಬೆರಳನ್ನು ಇನ್ನೊಂದರ ಹಿಂದೆ ಇಟ್ಟು ಒತ್ತಿದರು. ಮೀನು ಅಲುಗಾಡದೆ ನಿಂತಿತು. ಇನ್ನೊಂದು ಕೈ ಕೊಕ್ಕೆಯನ್ನು ತಿರುವಿ ಬಿಡಿಸಿತು. ಇಷ್ಟು ವರ್ಷ ಸೀಲು ಒತ್ತಿದ ಕೈ ಅದು. ಅವರು ಏನೂ ಹೇಳಲಿಲ್ಲ, ಅದೇ ಮೊದಲ ಸಲ.

ಆಮೇಲೆ ಅವರಿಬ್ಬರೂ ಮಾತಿಗೆ ಕುಳಿತರು. ಗಾಳಣ್ಣನ ಮರಾಠಿ ಕೇಳಿ ತರಕಾರಿಯವನೂ ಹಿಂದಿಗೆ ಬರುತ್ತಾನೆ. ಮುದುಕನಿಗೆ ಎಲ್ಲ ತಿಳಿಯಿತು. ಜೂನ್‌ನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲು ತೋಡು ಹಿಡಿದು ಗದ್ದೆಗೆ ಹತ್ತುವುದನ್ನು ಇವರು ಉಬರ್ ಎಂದರು, ಅವನು ವಲಗಣ ಎಂದ. ಇವರ ಕಡೆ ತೆಂಗಿನ ಗರಿಯ ದೊಂದಿ ಮತ್ತು ಕತ್ತಿ, ಅವನ ಕಡೆ ಕಂದೀಲು ಮತ್ತು ಬಲೆ. ‘ಈಗ ನಿಮ್ಮ ಗದ್ದೆ ಎಲ್ಲಿ?’ ಎಂದು ಕೇಳಿದರು. ಶೀಳ್ ರಸ್ತೆಯ ಕಡೆ ಕೈ ತೋರಿಸಿ, ಟವರುಗಳ ಪಾರ್ಕಿಂಗ್ ಅಡಿಯಲ್ಲಿ ಎಂದ. ಈಗಲೂ ಮೊದಲ ಮಳೆಯ ರಾತ್ರಿ ಮೋರಿಯ ಹತ್ತಿರ ಹೋಗಿ ನಿಲ್ಲುತ್ತಾನಂತೆ. ಗಾಳಣ್ಣ ಮೂಗು ಒರೆಸಿಕೊಂಡರು. ಆ ರಾತ್ರಿಗಳಲ್ಲಿ ಅವರೂ ಬಾಲ್ಕನಿಯಲ್ಲಿ ನಿಂತಿರುವುದನ್ನು ನಾನು ಕಂಡಿದ್ದೇನೆ, ಸಿಗರೇಟಿಗೆ ಎಂದುಕೊಂಡಿದ್ದೆ. ನಮಗೆ ಖಾಡಿಯೆಂದರೆ ರೈಲಿನ ಕಿಟಕಿಯಿಂದ ಬರುವ ವಾಸನೆ. ಠಾಣೆಯ ಖಾಡಿಗೆ 2022ರಲ್ಲಿ ರಾಮ್ಸಾರ್ ಜೌಗುನೆಲದ ಪಟ್ಟ ಬಂತು, ಫ್ಲಮಿಂಗೋ ನೋಡಲು ದೋಣಿಗೆ ದುಡ್ಡು ಕೊಡುತ್ತೇವೆ, ಮನೆಗೆ ಬಂದು ಕಸವನ್ನು ಅದೇ ನೀರಿಗೆ... ಇರಲಿ, ನಾನೂ ಉಪನ್ಯಾಸಕ್ಕೆ ಇಳಿದೆ. ಹೊಟ್ಟೆ ಖಾಲಿಯಿತ್ತು.

ಮುದುಕ ಕೊಟ್ಟ ಮೀನನ್ನು ಗಾಳಣ್ಣನ ಹೆಂಡತಿ ಬಾಗಿಲೊಳಗೆ ಬಿಡಲಿಲ್ಲ. ‘ಆ ನೀರಿನದ್ದು ಬೇಡವೇ ಬೇಡ’ ಎಂದು ಮಾರ್ಕೆಟಿನ ಬಂಗುಡೆಯನ್ನೇ ಸಾರು ಮಾಡಿದರು.

ಮೊನ್ನೆ ಅವರ ಅಣ್ಣನ ಮಗಳ ಮದುವೆಗೆ ಕಲ್ಯಾಣಪುರಕ್ಕೆ ನನ್ನನ್ನೂ ಕರೆದೊಯ್ದರು, ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿಸಿ. 1998ರಿಂದ ಓಡುತ್ತಿರುವ ಆ ಗಾಡಿಯ ಹೆಸರನ್ನು ತನಗಾಗಿಯೇ ಇಟ್ಟದ್ದೆಂದು ಅವರ ನಂಬಿಕೆ. ಮನೆಯ ಹಿಂದೆಯೇ ಸ್ವರ್ಣಾ ನದಿ. ಚೀಲ ಇಳಿಸಿದ್ದೇ ನೀರಿಗೆ ಓಡುತ್ತಾರೆ ಎಂದುಕೊಂಡೆ. ಮೂರು ದಿನ ಆ ಕಡೆ ತಲೆ ಹಾಕಲಿಲ್ಲ. ಜಗಲಿಯಲ್ಲಿ ಅಣ್ಣನ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡಿದ್ದರು. ‘ಇದೆಂಥ ಹೊಳೆ ಮಕ್ಕಳೇ! ನಮ್ಮ ಕಲ್ಯಾಣದ ಖಾಡಿ ನೋಡಬೇಕು. ದುರ್ಗಾಡಿ ಕೋಟೆ ಬುಡದಲ್ಲಿ ಒಂದು ಶಿಂಗಾಳಾ ಹಿಡಿದೆ, ಇಷ್ಟುದ್ದ!’ ಕೈಗಳ ನಡುವೆ ಒಂದು ಮೊಳ ಜಾಗವಿತ್ತು. ‘ಸುಳ್ಳಾದರೆ ಇವರನ್ನೇ ಕೇಳಿ, ಜೊತೆಗಿದ್ದರು.’

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಆ ಮೀನು ನನ್ನ ಕನ್ನಡಕದ ಡಬ್ಬಿಯಷ್ಟಿತ್ತು.

‘ಅಷ್ಟೇ ಅಲ್ಲ’ ಎಂದು ನಾನು ಎರಡೂ ಕೈಗಳನ್ನು ಇನ್ನೂ ಅಗಲಿಸಿದೆ. ‘ನಾನೂ ಹಿಡಿದು ಎಳೆಯಬೇಕಾಯಿತು.’