ತಾಳ ಹಾಕುವ ಮುಳ್ಳು

ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದರೆ ನಮ್ಮ ಕಾರಿನ ಪೆಟ್ರೋಲ್ ಮುಳ್ಳು ತಾಳ ಹಾಕುತ್ತಿತ್ತು. ಟಿಕ್ ಎಂದರೆ ಕಾಲು ಟ್ಯಾಂಕು, ಟಕ್ ಎಂದರೆ ಅರ್ಧ ಟ್ಯಾಂಕು. ಬಂಕಿಗೆ ಹೋಗದೆ ಪೆಟ್ರೋಲ್ ಹೆಚ್ಚಿಸಿಕೊಳ್ಳುವ ಕಾರು ಊರಿಗೆಲ್ಲ ಇದೊಂದೇ ಎಂದು ಮೊದಮೊದಲು ಹೆಮ್ಮೆಪಟ್ಟೆ. ಮೈಸೂರು ರಸ್ತೆಯ ನಟ್ಟನಡುವೆ ಟ್ಯಾಂಕು ಒಣಗಿ ನಿಂತ ದಿನ ಆ ಹೆಮ್ಮೆ ಇಳಿಯಿತು.

ಕಾರು ಅಪ್ಪ ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿ. 1964ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಫಿಯಟ್ 1100 ಡಿಲೈಟ್ ಎಂದು ಬಂದ ಮಾದರಿಗೆ, ಅತ್ತೆಮನೆಯವರು ಸೊಸೆಯ ಹೆಸರು ಬದಲಿಸುವಂತೆ, ಎಪ್ಪತ್ತರ ದಶಕದಲ್ಲಿ ಚಿತ್ತೋರಿನ ರಾಣಿಯ ಹೆಸರಿಟ್ಟರು. ನಮ್ಮ ಬೀದಿಯವರು ಮಾತ್ರ ಇವತ್ತಿಗೂ ತವರಿನ ಹೆಸರು ಹಿಡಿದೇ ‘ಫಿಯಟ್’ ಎನ್ನುತ್ತಾರೆ.

ಮೀಟರ್ ಬೋರ್ಡನ್ನು ನಾನೇ ರಿಪೇರಿ ಮಾಡುತ್ತೇನೆಂದು ಹೊರಟೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಬಲ್ಬು, ಹೋಲ್ಡರು, ಫ್ಲಾಷರು, ಟ್ಯಾಂಕಿನೊಳಗಿನ ಫ್ಲೋಟು, ಕೊನೆಗೆ ಒಂದು ಪೆಟ್ರೋಲ್ ಮೀಟರನ್ನೂ ತಂದೆ. ಹಳೇ ಬಲ್ಬುಗಳ ಬದಲು ಎಲ್‌ಇಡಿಯನ್ನೇ ಕೊಂಡೆ. ಇಪ್ಪತ್ತೊಂದನೇ ಶತಮಾನ ನಮ್ಮ ಡ್ಯಾಶ್‌ಬೋರ್ಡಿಗೂ ಬರಲಿ ಎಂದು.

ಮೀಟರ್ ಬೋರ್ಡು ಹೊರಬರಬೇಕಾದರೆ ಹಿಂದಿನಿಂದ ಸ್ಪೀಡೋಮೀಟರ್ ಕೇಬಲ್ ಬಿಚ್ಚಬೇಕು. ಬಿಚ್ಚಬೇಕಾದರೆ ಕಾಲು ಸೀಟಿನ ಮೇಲೆ, ತಲೆ ಕ್ಲಚ್ಚಿನ ಪಕ್ಕ. ಯೋಗದ ಗುರುಗಳು ಯಾರೂ ಇನ್ನೂ ಹೆಸರಿಡದ ಆಸನ ಅದು. ಬ್ಯಾಟರಿ ತಂತಿ ಮೊದಲು ಬಿಚ್ಚಬೇಕೆಂಬುದು ಒಂದು ಕಿಡಿ ಹಾರಿದ ಮೇಲೆ ನೆನಪಾಯಿತು. ಆ ಹೊತ್ತಿಗೆ ಮನೆಯಾಕೆ ಬಂದು ಕೇಳಿದಳು: “ಕಾಫಿ ಎಲ್ಲಿಗೆ ಕೊಡಲಿ, ಕಾಲಿಗಾ?”

ಭಾನುವಾರ ಸಂಜೆ ಎಲ್ಲ ಹೊಸದಾಯಿತು. ಡ್ಯಾಶ್‌ಬೋರ್ಡು ಮದುವೆ ಛತ್ರದ ಹಾಗೆ ಬೆಳಗಿತು. ಇಂಡಿಕೇಟರ್ ಹಾಕಿದೆ. ಹೊಸ ಮುಳ್ಳು ಹಳೇ ತಾಳವನ್ನೇ ಹಾಕಿತು. ಎರಡು ದಿನಕ್ಕೆ ಬ್ಯಾಟರಿಯೂ ಮಲಗಿತು. ಆಫೀಸಿಗೆ ಹೊರಟ ಕಾರನ್ನು ತರಕಾರಿಯವನೂ ನಾನೂ ಸೇರಿ ತಳ್ಳಿ, ಆಟೋ ಎಲೆಕ್ಟ್ರೀಷಿಯನ್ ಮೇಸ್ತ್ರಿಯ ಮುಂದೆ ನಿಲ್ಲಿಸಿದೆವು.

ಮೇಸ್ತ್ರಿ ನನ್ನ ಎಲ್‌ಇಡಿಗಳನ್ನು ನೋಡಿ ನಕ್ಕರು. “ಈ ಕೆಂಪು ಚಾರ್ಜಿಂಗ್ ಲೈಟು ಬರೀ ಶೋಕಿಗಲ್ಲ ಸಾರ್. ನಿಮ್ಮ ತಂದೆಯವರು ಡೈನಮೊ ತೆಗೆಸಿ ಆಲ್ಟರ್ನೇಟರ್ ಹಾಕಿಸಿದ್ದಾರೆ. ಈ ಬಲ್ಬಿನ ಮೂಲಕ ಹೋಗೋ ಚೂರು ಕರೆಂಟೇ ಅದನ್ನ ನಿದ್ದೆಯಿಂದ ಎಬ್ಬಿಸೋದು. ಎಲ್‌ಇಡಿ ಎಳೆಯೋ ಕರೆಂಟು ಅದಕ್ಕೆ ಸಾಲಲ್ಲ.” 12 ವೋಲ್ಟಿನ ಹಳೇ ಗಾಜಿನ ಬಲ್ಬು ಸಿಂಹಾಸನಕ್ಕೆ ಮರಳಿತು.

“ಮುಳ್ಳಿನ ತಾಳ?” ಎಂದೆ.

“ಕರೆಂಟು ಹೋದ ಮೇಲೆ ವಾಪಸು ಬರಬೇಕಲ್ಲ? ಅದು ವಾಪಸು ಬರೋದು ಕಾರಿನ ಬಾಡಿ ಮೇಲೆ. ಬೋರ್ಡಿನ ಅರ್ತ್ ಸ್ಕ್ರೂ ತುಕ್ಕು ಹಿಡಿದರೆ ಇಂಡಿಕೇಟರ್ ಕರೆಂಟಿಗೆ ದಾರಿ ಕಾಣದೆ ಪೆಟ್ರೋಲ್ ಮೀಟರಿಗೆ ನುಗ್ಗುತ್ತೆ. ಮೋರಿ ಕಟ್ಟಿಕೊಂಡರೆ ಪಕ್ಕದ ಮನೆಗೆ ನೀರು ನುಗ್ಗಲ್ವಾ, ಹಂಗೆ.” ಬೆಂಗಳೂರಿನವನಿಗೆ ವಿದ್ಯುತ್ ಶಾಸ್ತ್ರವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವುದು ಸಾಧ್ಯವಿಲ್ಲ.

ಸ್ಕ್ರೂ ಬಿಚ್ಚಿದರು, ಎಮರಿ ಪೇಪರಿನಲ್ಲಿ ಉಜ್ಜಿದರು, ಬಿಗಿದರು. ಐದು ನಿಮಿಷ. ಮುಳ್ಳು ಕಾಲು ಟ್ಯಾಂಕಿನ ಮೇಲೆ ತಪಸ್ಸಿಗೆ ಕೂತಿತು. ಮೂರೂವರೆ ಸಾವಿರ ಸುರಿದೂ ನಾನು ಬದಲಿಸದೆ ಬಿಟ್ಟಿದ್ದ ಭಾಗ ಅದೊಂದೇ.

ಆದ್ದರಿಂದ ಹಳೇ ಕಾರಿನ ಬಂಧುಗಳೇ, ಜೆ.ಸಿ. ರಸ್ತೆಗೆ ಹೊರಡುವ ಮುಂಚೆ ಅರ್ತ್ ಸ್ಕ್ರೂ ಉಜ್ಜಿ ನೋಡಿ. ಆಮೇಲೂ ಸಾಮಾನು ಬೇಕೆನಿಸಿದರೆ ನಮ್ಮ ಮನೆಗೇ ಬನ್ನಿ. ಪೆಟ್ರೋಲ್ ಮೀಟರು, ಫ್ಲೋಟು, ಎಲ್‌ಇಡಿ ಎಲ್ಲ ಇವೆ. ಕಾಫಿಯೂ ಸಿಗುತ್ತದೆ, ಕೈಗೇ.