ಮಿರಜಿಗೆ ಬಂದರು

ಮಿರಜಿನಿಂದ ಗೋವಾಕ್ಕೆ ಹೋಗುವವನಿಗೆ ಸಮುದ್ರದ ಹಂಗೇ ಬೇಕಿಲ್ಲ. ರಾತ್ರಿ ಗೋವಾ ಎಕ್ಸ್‌ಪ್ರೆಸ್ ಹತ್ತಿ ಹೊದ್ದು ಮಲಗಿದರೆ ಬೆಳಗಾವಿ, ಲೋಂಡಾ, ಕ್ಯಾಸಲ್ ರಾಕ್ ಎಲ್ಲ ನಿದ್ದೆಯಲ್ಲೇ ದಾಟುತ್ತವೆ. ದೂಧಸಾಗರ ಕತ್ತಲಲ್ಲಿ ಕಾಣದೇ ಹೋಗುತ್ತದೆ, ಬೆಳಗಿನ ಚಹಾದ ಹೊತ್ತಿಗೆ ವಾಸ್ಕೊ. ನಾವು ಹಾಗೆ ಮಾಡಲಿಲ್ಲ. ಮೊದಲು ಗೋವಾಕ್ಕೆ ಬೆನ್ನು ಹಾಕಿ ಸಾತಾರಾ, ಪುಣೆ ಮೇಲಿಂದ ಮುಂಬಯಿಗೆ ಹೋದೆವು. ಅಲ್ಲಿ ಹಡಗು ಹತ್ತಿದೆವು. ಹಡಗು ನಮ್ಮನ್ನು ಅದೇ ವಾಸ್ಕೊದ ಮಗ್ಗುಲಿನ ಮುರಗಾಂವ ಬಂದರಿಗೆ ಒಯ್ದು, ಒಂದು ಹಗಲು ತಿರುಗಾಡಲು ಬಿಟ್ಟು, ಮತ್ತೆ ಮುಂಬಯಿಗೇ ತಂದು ಇಳಿಸಿತು. ಬಂದರಿನ ಗೇಟಿನಲ್ಲಿ ರಿಕ್ಷಾ ಹಿಡಿದಿದ್ದರೆ ಅವತ್ತೇ ರಾತ್ರಿ ಮನೆಯಲ್ಲಿ ಊಟ ಮಾಡಬಹುದಿತ್ತು. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಎಂಬ ಗಾದೆಯನ್ನು ಇಷ್ಟು ದುಡ್ಡು ಕೊಟ್ಟು ಅಕ್ಷರಶಃ ಪಾಲಿಸಿದವರು ನಾವೇ ಇರಬೇಕು.

ಇದೆಲ್ಲ ಪುಣೆಯಲ್ಲಿರುವ ಮಗನ ಕಾರಭಾರು. ದೀಪಾವಳಿ ಮುಗಿದು ಸಮುದ್ರ ಶಾಂತವಾದ ಮೇಲೆ ನನಗೆ, ನನ್ನ ಹೆಂಡತಿಗೆ, ಸಾಂಗ್ಲಿಯ ಕಾಕಾ-ಕಾಕುಗೆ ಎಂದು ಎರಡು ಖೋಲಿ ಬುಕ್ ಮಾಡಿದ್ದ. ಹಡಗಿಗೆ ಹತ್ತಕ್ಕೂ ಮಿಕ್ಕ ಮಾಳಿಗೆ. ನಮ್ಮ ಖೋಲಿಗಳು ಕೆಳಗಿನ ಮಾಳಿಗೆಯಲ್ಲಿ, ಒಳಮಗ್ಗುಲಿಗೆ. ಅವಕ್ಕೆ ಕಿಡಕಿ ಇರಲಿಲ್ಲ. ಕಿಡಕಿ ಇರಬೇಕಾದಲ್ಲಿ ಸಮುದ್ರದ ಒಂದು ಫೋಟೋ ತೂಗುಹಾಕಿದ್ದರು. ಕಾಕು ಒಳಗೆ ಹೊಕ್ಕವರೇ ಆ ಫೋಟೋ ನೋಡಿ, “ಇದು ನಮ್ಮ ದಂತವೈದ್ಯರ ದವಾಖಾನಿಯೊಳಗೂ ಐತಿ” ಅಂದರು.

ಸಾಂಗ್ಲಿಯವರಿಗೆ ನೀರಿನ ಲೆಕ್ಕ ಅಂದರೆ ಫೂಟಿನ ಲೆಕ್ಕ. ಕೃಷ್ಣೆಗೆ ಅಡ್ಡಲಾಗಿ 1929ರಲ್ಲಿ ಕಟ್ಟಿ, ಆಗಿನ ವೈಸರಾಯನ ಹೆಸರಿಟ್ಟ ಆಯರ್ವಿನ್ ಪೂಲು ನಮ್ಮ ಕಡೆ ಇದೆ. ಮಳೆಗಾಲದಲ್ಲಿ ಇಡೀ ಊರಿನ ಕಣ್ಣು ಅದರ ಮೇಲೆ. ನೀರು 40 ಫೂಟು ಆದರೆ ಸಾಮಾನು ಅಟ್ಟಕ್ಕೆ ಏರುತ್ತದೆ, 45 ಆದರೆ ಮನುಷ್ಯರೂ ಏರುತ್ತಾರೆ. ಹೀಗಾಗಿ ಕಾಕಾ ಹಡಗು ಹತ್ತಿದ ಕೂಡಲೇ ಬಿಳಿ ಅಂಗಿಯ ಅಧಿಕಾರಿಯೊಬ್ಬನನ್ನು ತಡೆದು, ಇಲ್ಲಿ ನೀರು ಎಷ್ಟು ಫೂಟು ಎಂದು ಹಿಂದಿಯಲ್ಲಿ ಕೇಳಿದರು. ಅವನು ಮೀಟರಿನಲ್ಲಿ ಏನೋ ಹೇಳಿದ. ಕಾಕಾಗೆ ಆ ಮನುಷ್ಯನ ಮೇಲೆ ಕೊನೆತನಕ ವಿಶ್ವಾಸ ಕೂಡಲಿಲ್ಲ.

ಕಾಕಾಗೆ ಇದು ಮೊದಲ ಜಲಯಾನವಲ್ಲ. 2019ರ ಆಗಸ್ಟಿನಲ್ಲಿ ಆಯರ್ವಿನ್ ಪೂಲಿನ ಹತ್ತಿರ ನೀರು 57 ಫೂಟು ದಾಟಿತ್ತಲ್ಲ, ಆಗ ಅವರು ತಮ್ಮ ಮನೆಯ ಗ್ಯಾಲರಿಯಿಂದಲೇ ರಬ್ಬರ್ ಬೋಟು ಹತ್ತಿದ್ದರು. ಟಿಕೀಟಿಲ್ಲ, ಲಗೇಜಿಲ್ಲ. ಒಂದು ಕೈಯಲ್ಲಿ ಮನೆಯ ಕಾಗದಪತ್ರ, ಇನ್ನೊಂದರಲ್ಲಿ ಔಷಧದ ಡಬ್ಬಿ. ಮಿರಜಿನ ನಮ್ಮ ಮನೆಯಲ್ಲಿ ಬಂದು ಉಳಿದರು. ನೀರು ಇಳಿದ ಮೇಲೆ ಹೋಗಿ ಬಾಗಿಲು ತೆಗೆದರೆ ಮೊಣಕಾಲುಮಟ ರಾಡಿ, ಗೋದಿಯ ಚೀಲಗಳು ಮೊಳಕೆ ಬಂದು ನಿಂತಿದ್ದವು. ಆ ಬೋಟಿಗೂ ಈ ಹಡಗಿಗೂ ಹೋಲಿಕೆ ಮಾಡುವ ಧೈರ್ಯ ನನಗಿರಲಿಲ್ಲ. ಹಡಗಿನ ಕೊನೆಯ ಸಂಜೆ, ಐಸ್‌ಕ್ರೀಮಿನ ಎರಡನೇ ಬಟ್ಟಲು ಮುಂದಿಟ್ಟುಕೊಂಡು ಕಾಕಾನೇ ಮಾಡಿದರು.

“ಆಗ ಬೋಟ್ ಇಳದಾಗ ಹಗರ ಆತು, ಮನಿ ಬಾಗಿಲಾ ತಗದಾಗ ಅಳು ಬಂತು. ಈಗ ನೋಡು ತಮ್ಮಾ, ಇಳ್ಯಾಕ ಅಳು ಬರಾಕತ್ತೈತಿ. ಮನಿ ಬಾಗಿಲಾ ತಗದಾಗ ನಗು ಬರತೈತಿ.”

“ನಿಮಗ ಬರತೈತಿ,” ಅಂದರು ಕಾಕು. “ಕಸಬರಿಗಿ ನನ್ನ ಕೈಯಾಗ ಇರತೈತಿ.”

ಹಡಗು ಇಳಿಯುವ ಸಂಕಟದ ಒಳಗುಟ್ಟೆಲ್ಲ ಆ ಕಸಬರಿಗೆಯಲ್ಲಿದೆ ಎಂದು ನನಗೂ ಅನಿಸಿತು. ಯಾಕೆಂದರೆ ಎರಡನೇ ದಿನ ಮಧ್ಯಾಹ್ನದಿಂದಲೇ ನಾವು ನಾಲ್ವರೂ ಒಳಗೊಳಗೇ ಮನೆಯ ಕಡೆ ಮುಖ ಮಾಡಿದ್ದೆವು. ಪನೀರು, ಪಾಸ್ತಾ, ಮತ್ತೆ ಪನೀರು. ಕಾಕುಗೆ ಬಿಳಿಜೋಳದ ರೊಟ್ಟಿ, ಶೇಂಗಾ ಚಟ್ನಿ ಕಣ್ಣಿಗೆ ಕಟ್ಟಿದ್ದವು. ನನ್ನ ಹೆಂಡತಿಗೆ ತುಳಸಿಗೆ ನೀರು ಯಾರು ಹಾಕಿದರೋ ಎಂಬ ಚಿಂತೆ. ನನಗೆ ನನ್ನ ಕುರ್ಚಿ ಬೇಕಾಗಿತ್ತು. ಹಾಗಿದ್ದರೂ ಕೊನೆಯ ಸಂಜೆ ಬಂದಾಗ, ಹೊರಡೋಣ ಎಂದು ಬಾಯಿಬಿಟ್ಟು ಅಂದವರು ಒಬ್ಬರೂ ಇಲ್ಲ. ಪನೀರನ್ನು ಬೈಯುತ್ತ ಬೈಯುತ್ತಲೇ ಮತ್ತೊಂದು ಸುತ್ತು ಹಾಕಿಸಿಕೊಂಡೆವು. ಇಳಿದ ಮೇಲೆ ಇದನ್ನೂ ಯಾರೂ ಹಾಕುವವರಿಲ್ಲವಲ್ಲ.

ಆ ರಾತ್ರಿ ಹಡಗಿನ ನಾಟಕಶಾಲೆಯಲ್ಲಿ ದೊಡ್ಡ ಕಾರ್ಯಕ್ರಮ. ಗರಿ ಕಟ್ಟಿಕೊಂಡವರು, ಬಣ್ಣದ ದೀಪ, ಹೊಗೆ. ಕಾಕಾ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತು ನೋಡಿದರು. ಸಾಂಗ್ಲಿಯವರ ಎದುರು ನಾಟಕ ಆಡುವುದು ಸಸಾರದ ಮಾತಲ್ಲ. ಹೊನ್ನಾವರದ ಹತ್ತಿರದ ಕರ್ಕಿಯಿಂದ ಘಟ್ಟ ಹತ್ತಿ ಬಂದ ಭಾಗವತರ ಮೇಳದ ಆಟ ನೋಡಿ, ಅರಸರಾದ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದೊಂದು ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಕೊಟ್ಟು, 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದ ಊರು ಅದು. ಮರಾಠಿಯ ಆ ಮೊದಲ ನಾಟಕದ ಹಿಂದೆ ನಮ್ಮ ಚಂಡೆಯ ಸದ್ದಿದೆ ಎಂದು ನಾನು ಸಂದರ್ಭ ಸಿಕ್ಕಲ್ಲೆಲ್ಲ ಹೇಳುತ್ತಿರುತ್ತೇನೆ, ಸಿಗದಿದ್ದರೆ ಹೀಗೆ ಹಡಗಿನಲ್ಲಾದರೂ ಒಂದು ಸಂದರ್ಭ ಮಾಡಿಕೊಳ್ಳುತ್ತೇನೆ. ಪರದೆ ಬಿದ್ದ ಮೇಲೆ ಕಾಕಾ ತೀರ್ಪು ಕೊಟ್ಟರು: “ತಾಳ ಚಲೋ ಐತಿ. ಕತಿ ಎಲ್ಲೈತಿ?”

ಇನ್ನು ಲಗೇಜಿನ ಪ್ರಕರಣ. ಹಡಗಿನಲ್ಲಿ ಕೊನೆಯ ರಾತ್ರಿ ಒಂದು ಪದ್ಧತಿಯಿದೆ: ಮಲಗುವ ಮುಂಚೆ ದೊಡ್ಡ ಬ್ಯಾಗುಗಳಿಗೆ ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗಿಡಬೇಕು. ರಾತ್ರೋರಾತ್ರಿ ಒಯ್ದು, ಬೆಳಗ್ಗೆ ಬಂದರಿನ ಶೆಡ್ಡಿನಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಕಾಕು ಅಚ್ಚುಕಟ್ಟಿನ ಹೆಂಗಸು. ಖೋಲಿಯಲ್ಲಿ ಕಣ್ಣಿಗೆ ಕಂಡದ್ದನ್ನೆಲ್ಲ ಮಡಚಿ ಮಡಚಿ ಬ್ಯಾಗಿಗೆ ತುಂಬಿ, ಚೈನು ಎಳೆದು, ಹೊರಗಿಟ್ಟು ನಿಶ್ಚಿಂತರಾಗಿ ಮಲಗಿದ್ದಾರೆ. ಬೆಳಗ್ಗೆ ಕಾಕಾ ಸ್ನಾನ ಮುಗಿಸಿ ಬಂದು ಪ್ಯಾಂಟು ಹುಡುಕಿದರೆ ಪ್ಯಾಂಟಿಲ್ಲ. ಅಂಗಿಯಿಲ್ಲ. ಇದ್ದದ್ದು ರಾತ್ರಿ ಮೈಮೇಲಿದ್ದ ಪಟ್ಟಾಪಟ್ಟಿ ಪಾಯಿಜಾಮ, ಒಂದು ಬನೀನು, ಕುತ್ತಿಗೆಗೆ ಸುತ್ತುವ ಮಫ್ಲರು.

ಹೀಗೆ ಅರಿಶಿನದ ಪೇಟೆಯಲ್ಲಿ ನಾಲ್ಕು ದಶಕ ಕಮಿಷನ್ ವ್ಯಾಪಾರ ಮಾಡಿ, ಸವಾಲಿನಲ್ಲಿ ಒಂದು ಕೈಸನ್ನೆಗೆ ನೂರಾರು ಚೀಲ ಎತ್ತಿಸಿದ ಮನುಷ್ಯ, ಐಷಾರಾಮಿ ಹಡಗಿನ ಅಮೃತಶಿಲೆಯ ಮೆಟ್ಟಿಲನ್ನು ಪಾಯಿಜಾಮದಲ್ಲಿ ಇಳಿದು ಬಂದರು. ಆ ಇಳಿಯುವಿಕೆಯಲ್ಲಿ ಒಂದು ಗತ್ತಿತ್ತು, ಅದನ್ನು ಅಲ್ಲಗಳೆಯಲಾರೆ. ಮಫ್ಲರನ್ನು ಉತ್ತರೀಯ ಮಾಡಿಕೊಂಡಿದ್ದರು. ನಾಷ್ಟಾದ ಹಾಲಿನಲ್ಲಿ ಗುಜರಾತಿ ಗೃಹಸ್ಥರೊಬ್ಬರು ನನ್ನ ಹತ್ತಿರ ಬಗ್ಗಿ, ಇವರು ಯಾವ ಘರಾಣೆಯ ಗವಾಯಿಗಳು ಎಂದು ಮೆಲ್ಲಗೆ ವಿಚಾರಿಸಿದರು. ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರಿನವನು ನಾನು, ನಮ್ಮಲ್ಲಿ ಸಿತಾರ್ ಮಾಡುವ ಓಣಿಗಳೇ ಇವೆ. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. “ಮಿರಜ ಕಡೆಯವರು” ಎಂದಷ್ಟೇ ಅಂದೆ.

ಬಾಗಿಲ ಸಂದಿಯಿಂದ ರಾತ್ರಿ ತೂರಿಸಿದ್ದ ಬಿಲ್ಲಿನ ವಿಷಯ ಇಲ್ಲಿ ಬೇಡ. ಎಲ್ಲ ಸೇರಿದೆ ಎಂದು ಮಗ ಅಂದಿದ್ದ. ಎಲ್ಲದರಲ್ಲಿ ಕಾಕಾ ಸಂಜೆ ಸಂಜೆ ಕುಡಿದ ತಾಜಾ ಮೋಸಂಬಿ ರಸ ಸೇರಿರಲಿಲ್ಲ.

ನಮ್ಮ ಖೋಲಿ ನೋಡಿಕೊಳ್ಳುತ್ತಿದ್ದ ಹುಡುಗ ಕುಂದಾಪುರದ ಕಡೆಯವನು. ಟವೆಲ್ಲಿನಲ್ಲಿ ದಿನಕ್ಕೊಂದು ಪ್ರಾಣಿ ಮಾಡಿ ಹಾಸಿಗೆಯ ಮೇಲೆ ಕೂಡಿಸುತ್ತಿದ್ದ: ಒಂದು ದಿನ ಆನೆ, ಒಂದು ದಿನ ಹಂಸ. ನನ್ನ ಹೆಂಡತಿ ಆ ಆನೆಯನ್ನು ಬಿಚ್ಚಲು ಮನಸ್ಸಾಗದೆ ಒದ್ದೆ ಮೈಯನ್ನು ಸೆರಗಿನಲ್ಲೇ ಒರೆಸಿಕೊಂಡಿದ್ದಳು. ಹೊರಡುವಾಗ ಅವನ ಕೈಗೆ ಲಕೋಟೆ ಕೊಟ್ಟು, ಬೇಜಾರಾಗುತ್ತಿದೆಯಪ್ಪಾ ಎಂದೆ. ಅವನು ಆಗಲೇ ಹಾಸಿಗೆಯ ಚಾದರ ಎಳೆಯುತ್ತಿದ್ದ. “ನಿಮ್ಗೆ ಎಂತಾ ಬೇಜಾರ್ ಮಾರಾಯ್ರೆ, ನೀವ್ ಮನಿಗ್ ಹೋತ್ರಿ. ನಂಗ್ ಇನ್ನೂ ನಾಲ್ಕ್ ತಿಂಗ್ಳ್ ಇತ್ತ್” ಅಂದ. ಹೇಳುವುದರೊಳಗೆ ನಮ್ಮ ತಲೆದಿಂಬಿನ ಗವಸು ನೆಲದ ಮೇಲಿತ್ತು. ಕೆಳಗೆ ಬಂದರೆ ಬಂದರಿನಲ್ಲಿ ಅದೇ ಸಂಜೆ ಹೊರಡುವವರ ಸಾಮಾನು ಬರತೊಡಗಿತ್ತು. ಟೊಪ್ಪಿಗೆ, ಕಪ್ಪು ಕನ್ನಡಕ, ಸೆಲ್ಫಿ ಕೋಲು. ನಮ್ಮನ್ನು ನೋಡಿ ಅವರು ಹಲ್ಲು ಬಿಟ್ಟರು. ನನಗೆ ಉರಿದುಹೋಯಿತು. ನಮ್ಮ ಖೋಲಿಗೆ ಯಾರು ಹೋಗುತ್ತಾರೋ ನೋಡಬೇಕೆನಿಸಿತು. ಕಿಡಕಿಯಿಲ್ಲದ ಖೋಲಿ, ಆದರೂ.

ಇದಕ್ಕೂ ಹಿಂದಿನ ಒಂದು ಸಂಗತಿ ಬಿಟ್ಟೆ. ಗೋವಾದಿಂದ ಮರಳುವ ದಾರಿಯಲ್ಲಿ, ಕತ್ತಲಾದ ಮೇಲೆ, ಬಲಕ್ಕೆ ದೂರದಲ್ಲಿ ಸಾಲು ದೀಪ ಕಂಡವು. ರತ್ನಾಗಿರಿ ಇರಬೇಕೆಂದು ಯಾರೋ ಅಂದರು. ಕಾಕಾ ಕಠಡ ಹಿಡಿದು ನಿಂತುಬಿಟ್ಟರು. ರತ್ನಾಗಿರಿಯಿಂದ ನಾಗಪುರದ ಹೆದ್ದಾರಿ ಹಿಡಿದು ಅಂಬಾ ಘಾಟು ಹತ್ತಿದರೆ ಕೊಲ್ಹಾಪುರ, ಅದರಾಚೆ ನಮ್ಮ ಮಿರಜ. ಹಡಗಿನ ಮೂತಿ ಮುಂಬಯಿ ಕಡೆ, ಮನೆ ಅಲ್ಲೇ ಬಲಗೈ ಮಗ್ಗುಲಿಗೆ. ಹಿಂದೆ ಮುಂಬಯಿ-ಗೋವಾ ನಡುವೆ ಓಡುತ್ತಿದ್ದ ಆಗಬೋಟುಗಳು ರತ್ನಾಗಿರಿ, ಮಾಲವಣ, ವೆಂಗುರ್ಲೆ ಎಂದು ಊರೂರಿಗೆ ನಿಂತು ಜನರನ್ನು ಇಳಿಸುತ್ತಿದ್ದವು. ಆ ಬೋಟುಗಳೂ ಹೋದವು, ಇಳಿಸುವ ಪದ್ಧತಿಯೂ ಹೋಯಿತು. “ಇಲ್ಲೇ ಇಳಸ್ರಿ ಅಂದ್ರ ಇಳಸೂದಿಲ್ಲೇನು?” ಎಂದು ಕಾಕಾ ಕೇಳಿದರು. ಎಸ್‌ಟಿ ಬಸ್ಸಿನಲ್ಲಿ ಗಂಟೆ ಹಗ್ಗ ಎಳೆದು ತಮ್ಮ ಹೊಲದ ಮುಂದೆಯೇ ಇಳಿದು ರೂಢಿಯಾದವರ ದನಿ ಅದು. ಮರುಗಳಿಗೆಯಲ್ಲೇ, “ಬ್ಯಾಡ ಬಿಡು, ರಾತ್ರಿ ಊಟದಾಗ ಜಿಲೇಬಿ ಐತಿ” ಅಂದರು.

ಬ್ರಿಟಿಷರ ಕಾಲದಲ್ಲಿ ಹಡಗಿನಿಂದ ಇಳಿದ ಸಾಹೇಬರಿಗೆ ಬಲ್ಲಾರ್ಡ್ ಪಿಯರ್‌ನಲ್ಲಿ ಧಕ್ಕೆಯ ಮೇಲೆಯೇ ಸ್ಟೇಶನ್ನಿತ್ತಂತೆ. ಫ್ರಾಂಟಿಯರ್ ಮೇಲ್ ಅಲ್ಲೇ ಬಂದು ನಿಲ್ಲುತ್ತಿತ್ತು. ನಮಗೆ ಕೊಲ್ಹಾಪುರದ ಗಾಡಿ ಬಂದು ನಿಂತಿರಲಿಲ್ಲ. ಶೆಡ್ಡಿನಲ್ಲಿ ಬ್ಯಾಗು ಹುಡುಕಿ, ಕಾಕಾ ಪ್ಯಾಂಟಿನೊಳಗೆ ಸೇರಿ, ಸಿಎಸ್‌ಎಂಟಿ ಮುಟ್ಟುವಷ್ಟರಲ್ಲಿ ಬೆಳಗಿನ ಕೊಯ್ನಾ ಎಕ್ಸ್‌ಪ್ರೆಸ್ ಹೋಗಿತ್ತು. ಮಹಾಲಕ್ಷ್ಮಿ ಇರುವುದು ರಾತ್ರಿಗೆ. ನಡುವೆ ಒಂದು ಇಡೀ ಹಗಲು. ನಿನ್ನೆಯತನಕ ಮೂಲೆ ಮೂಲೆಯಲ್ಲಿ ಗುಡ್ ಮಾರ್ನಿಂಗ್ ಸರ್ ಅನ್ನಿಸಿಕೊಂಡವರು ಈಗ ಬ್ಯಾಗಿನ ಮೇಲೆ ಕುಳಿತಿದ್ದೆವು, ಹಮಾಲನೊಬ್ಬ “ಸರಕಾ, ಸರಕಾ” ಎಂದು ಗದರಿಸಿ ಹೋದ.

ಆಗಲೇ ನೆಲ ತೂಗತೊಡಗಿದ್ದು. ಹಡಗಿನಲ್ಲಿ ಒಂದು ದಿನವೂ ತಲೆ ತಿರುಗಿರಲಿಲ್ಲ. ಇಲ್ಲಿ ಕಲ್ಲಿನ ಫರಸಿಯ ಮೇಲೆ ಕೂತರೆ ತೊಟ್ಟಿಲಲ್ಲಿ ಕೂತ ಹಾಗೆ ಆಚೆ ಈಚೆ. ಹಡಗಿನ ಓಲಾಟಕ್ಕೆ ಹೊಂದಿಕೊಂಡ ಮಿದುಳು, ಇಳಿದ ಮೇಲೂ ಕೆಲಹೊತ್ತು, ಕೆಲವರಿಗೆ ಕೆಲದಿನ, ಅದೇ ಲೆಕ್ಕ ಇಟ್ಟುಕೊಂಡಿರುತ್ತದೆ. ಅದಕ್ಕೆ ಇಳಿದ ಸುದ್ದಿ ತಡವಾಗಿ ಮುಟ್ಟುತ್ತದೆ. ಕಾಕು ಕಂಬ ಹಿಡಿದುಕೊಂಡು, “ಸ್ಟೇಶನ್ ಹೊಂಟತೇನು?” ಅಂದರು. ಮನೆಯಿಂದ ತಂದಿದ್ದ ಭಡಂಗದ ಡಬ್ಬಿ, ಹಡಗಿನಲ್ಲಿ ಬಿಚ್ಚಲು ನಾಚಿಕೆಯಾಗಿ ಬ್ಯಾಗಿನ ತಳದಲ್ಲೇ ಉಳಿದಿತ್ತು. ಈಗ ಅದನ್ನು ತೆಗೆದೆವು. ಬಳ್ಳೊಳ್ಳಿ, ಕೆಂಪು ಖಾರ, ಶೇಂಗಾ. ಚುರುಮುರಿ ಸ್ವಲ್ಪ ಮೆತ್ತಗಾಗಿತ್ತು. ಕಾಕಾ ಈರುಳ್ಳಿಯೊಂದನ್ನು ಸಂಪಾದಿಸಿ ತಂದು ಮುಷ್ಟಿಯಿಂದ ಗುದ್ದಿ ಒಡೆದರು. ನಾಲ್ವರೂ ಮಾತಿಲ್ಲದೆ ತಿಂದೆವು. ಇಡೀ ಪ್ರವಾಸದಲ್ಲಿ ಯಾರೂ ದೂರು ಹೇಳದ ಊಟ ಅದೊಂದೇ.

ಬೆಳಗಿನ ಜಾವ ಸಾಂಗ್ಲಿಯಲ್ಲಿ ಕಾಕಾ-ಕಾಕು ಇಳಿದರು, ಮುಂದಿನ ನಿಲ್ದಾಣದಲ್ಲಿ ನಾವು. ಮಿರಜ ಎಂದರೆ ಗಾಡಿ ಬದಲಿಸುವವರ ಊರು. ಒಂದು ಕಾಲಕ್ಕೆ ಬ್ರಾಡ್‌ಗೇಜು, ಮೀಟರ್‌ಗೇಜು, ನ್ಯಾರೋಗೇಜು ಮೂರೂ ಇಲ್ಲಿ ಬಂದು ಸೇರುತ್ತಿದ್ದವು. ಅವತ್ತೂ ಇಳಿದವರಲ್ಲಿ ಬಹಳ ಜನ ಮುಂದೆ ಹೋಗುವವರೇ: ಯಾರೋ ಪಂಢರಪುರಕ್ಕೆ, ಯಾರೋ ಹುಬ್ಬಳ್ಳಿಗೆ. ನಾವಿಬ್ಬರೇ ಮನೆಗೆ. ಒಂದು ಕ್ಷಣ ಅವರ ಮೇಲೂ ಹೊಟ್ಟೆಕಿಚ್ಚಾಯಿತು.

ಮನೆಯಲ್ಲಿ ತುಳಸಿ ಹಸಿರಾಗಿಯೇ ಇತ್ತು, ಹೆಂಡತಿಗೆ ಅದರಿಂದ ಸ್ವಲ್ಪ ನಿರಾಸೆಯೇ ಆದಂತೆ ಕಂಡಿತು. ಜತ್ತ ತಾಲ್ಲೂಕಿನ ಉಮದಿಯಿಂದ ಅತ್ತೆಯವರ ಫೋನು. ಹಡಗಿನ ಮೇಲೆ ಈಜುವ ಹೊಂಡವೂ ಇತ್ತು ಎಂದು ಮಗಳು ಹೇಳಿದಾಗ ಆ ಕಡೆ ಮಾತೇ ನಿಂತಿತು. ಟ್ಯಾಂಕರಿನ ಹಾದಿ ಕಾಯುತ್ತ ಬಾಳು ಸವೆಸಿದ ಊರಿನವರು ಅವರು. ಅಂಥ ಬರಗಾಲದಲ್ಲೇ, 2016ರಲ್ಲಿ, ಹತ್ತು ವ್ಯಾಗನ್ನಿನಲ್ಲಿ ಐದು ಲಕ್ಷ ಲೀಟರು ತುಂಬಿಕೊಂಡು ಮೊದಲ ನೀರಿನ ರೈಲು ಲಾತೂರಿಗೆ ಹೋದದ್ದು ಇದೇ ಮಿರಜ ಸ್ಟೇಶನ್ನಿನಿಂದ. “ಸಮುದ್ರದ ನಡುವ ಮತ್ತೊಂದು ಹೊಂಡ ಯಾಕವ್ವಾ?” ಎಂದು ಕೊನೆಗೆ ಕೇಳಿದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಬ್ಯಾಗು ಬಿಚ್ಚಲು ಎದ್ದೆ.

ಮಧ್ಯಾಹ್ನ ಕಾಕಾನ ಫೋನು. ಇನ್ನೂ ಗೋಡೆ ತೂಗುತ್ತಿದೆಯಂತೆ. ರೊಟ್ಟಿ, ಚಟ್ನಿ ಆಗಿದೆಯಂತೆ, ಆದರೆ ತಾಟಿಗೆ ಒಂದೇ ಪಲ್ಯ ಬಡಿಸಿದ್ದಾರಂತೆ. “ಲಕ್ಷದ್ವೀಪಕ್ಕೂ ಹಡಗ ಹೋಗತಾವಂತಲ್ಲ ತಮ್ಮಾ, ಎಷ್ಟ ಆಗತೈತಿ ಅಂತ ಹುಡುಗನ್ನ ಕೇಳಿ ನೋಡು.”

ಹಿಂದಿನಿಂದ ಕಾಕುವಿನ ದನಿ: “ನಾ ಬರಂಗಿಲ್ಲ. ಸಾಕಾಗೈತಿ ನನಗ.” ಪಾತ್ರೆಯ ಸಪ್ಪಳ. ಆಮೇಲೆ ಮತ್ತೆ ಅದೇ ದನಿ, ಈಗ ಫೋನಿಗೆ ಇನ್ನಷ್ಟು ಹತ್ತಿರದಿಂದ: “ಖೋಲಿಗೆ ಕಿಡಕಿ ಇದ್ರ ಎಷ್ಟಂತ, ಅದನ್ನೂ ಕೇಳು.”